ಮಗು ಸುಮ್ಮನಿದೆ ಎಂದು ಸಂತೋಷಪಟ್ಟವರಿಗೆ

ಮನೆ ಭೇಟಿ ಉಪಶಮನ ಆರೈಕೆ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಮೊಮ್ಮಗಳು ಇನ್ನೂ ಬದುಕಿದ್ದಾಳೆ. ಇದರಿಂದ ತಮ್ಮ ವಿಭಾಗಕ್ಕೆ ಆಗಿರುವ ಅನನುಕೂಲಕ್ಕೆ ಮೊದಲಿಗೇ ವಿಷಾದ ಸೂಚಿಸಿಬಿಡುತ್ತೇನೆ. ತಮ್ಮ ಕಡೆಯಿಂದ ಸಿದ್ಧತೆಯಲ್ಲಿ ಯಾವ ಲೋಪವೂ ಇರಲಿಲ್ಲ. ತಮ್ಮವರು ಕಿಟಕಿಯ ಪರದೆ ಎಳೆದಿದ್ದರು, ದನಿ ತಗ್ಗಿಸಿದ್ದರು, ನಮ್ಮ ಮನಸ್ಸನ್ನು ಗಟ್ಟಿ ಮಾಡಿಸಿದ್ದರು. ಆದರೆ ಮಗುವಿಗೆ ಬಂದದ್ದು ಮೂತ್ರದ ಸೋಂಕು. ಪಕ್ಕದ ಮನೆಯ ಮಗುವಿಗೆ ಬಂದಿದ್ದರೆ ಡಾಕ್ಟರು ಔಷಧಿ ಬರೆದುಕೊಟ್ಟು, ನೀರು ಚೆನ್ನಾಗಿ ಕುಡಿಸಿ ಎಂದು ಹೇಳಿ ಕಳಿಸುತ್ತಿದ್ದಂಥ ಸೋಂಕು. ನಮ್ಮ ಮಗುವಿಗೆ ಬಂದದ್ದರಿಂದ ಅದನ್ನು ‘ಸಮಯ ಹತ್ತಿರ ಬಂದಿದೆ’ ಎಂದು ಕರೆದರು.

ನನ್ನ ದೂರು ಇಷ್ಟು: ವಾಸಿಯಾಗದ ಕಾಯಿಲೆ ಇರುವ ಮಗುವಿಗೆ ವಾಸಿಯಾಗುವ ಕಾಯಿಲೆಯೂ ಬರಬಹುದು ಎಂಬುದನ್ನು ತಮ್ಮ ವಿಭಾಗ ಮರೆತಿದೆ. ಅದನ್ನು ಮರೆಯದೆ ಆಸ್ಪತ್ರೆಗೆ ಓಡಿದ ತಾಯಿಯನ್ನು ಈಗ ಶಿಕ್ಷಿಸಲು ಹೊರಟಿದೆ. ಮುಂದಿನ ಭೇಟಿಯೊಳಗೆ ಅವಳು ಒಂದು ಮಾತು ಕೊಡಬೇಕಂತೆ, ಇನ್ನು ಮೇಲೆ ಏನೇ ಆದರೂ ಮಗುವನ್ನು ಆಸ್ಪತ್ರೆಗೆ ಒಯ್ಯುವುದಿಲ್ಲ ಎಂದು. ಕೊಡದಿದ್ದರೆ ತಮ್ಮವರು ನಮ್ಮ ಮನೆಗೆ ಬರುವುದೇ ಇಲ್ಲವಂತೆ. ಇದನ್ನು ನಾಲ್ಕು ಗೋಡೆಯೊಳಗೆ ಇತ್ಯರ್ಥ ಮಾಡಿಕೊಳ್ಳೋಣ ಎಂದು ತಮ್ಮವರು ಹೇಳಿದ್ದಾರೆ. ನಮ್ಮ ಮನೆಯ ಗೋಡೆಗಳು ಬಹಳ ತೆಳು, ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಾನು ಯಾರೆಂದು ಹೇಳಬೇಕಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾದವಳು. ಮುಖ ನೋಡದೆ ಜನರನ್ನು ಅಳೆಯುವುದು ನನ್ನ ಹೊಟ್ಟೆಪಾಡಾಗಿತ್ತು. ‘ಹಲೋ’ ಎನ್ನುವ ರೀತಿಯಲ್ಲೇ ಸಾಲಗಾರನೋ, ಪ್ರೇಮಿಯೋ, ಸಾವಿನ ಸುದ್ದಿ ಹೇಳಲು ಬಾಯಿ ಬಾರದವನೋ ಗೊತ್ತಾಗುತ್ತಿತ್ತು. ಈಗ ಮಗ, ಸೊಸೆ, ಮೊಮ್ಮಗಳ ಜೊತೆ ಕೆಳಗಿನ ಮಹಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಮಗ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಾನೆ. ಸೊಸೆ ಹೊಲಿಗೆ ಬಲ್ಲವಳು. ಮಗುವಿನ ಕಾಯಿಲೆ ತಿಳಿದ ಮೇಲೆ ಮಷೀನಿನ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದಾಳೆ. ಆ ಮಷೀನಿನ ಮೇಲೀಗ ಮಗುವಿನ ಔಷಧಿಗಳಿರುತ್ತವೆ.

ಮೊಮ್ಮಗಳಿಗೆ ಎಂಟು ವರ್ಷ. ಮೆದುಳಿನ ಕಾಯಿಲೆ. ಮೊದಲು ನಡಿಗೆ ಹೋಯಿತು, ಆಮೇಲೆ ಮಾತು, ಆಮೇಲೆ ನುಂಗುವುದು. ಉಳಿದದ್ದು ಒಂದು ಗುನುಗು. ಬೆಳಗ್ಗೆ ಕಣ್ಣು ಬಿಟ್ಟಲ್ಲಿಂದ ಶುರುವಾದರೆ ನಿದ್ದೆ ಬರುವವರೆಗೆ ಗಂಟಲಲ್ಲಿ ಒಂದೇ ಸಮನೆ ‘ಹ್ಮ್ಮ್ಮ್’ ಎನ್ನುತ್ತಿರುತ್ತಾಳೆ. ಸ್ಟೇಷನ್ ಸಿಕ್ಕದ ರೇಡಿಯೋ ಇದ್ದ ಹಾಗೆ. ಅದಕ್ಕೇ ಅವಳಪ್ಪ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದಾನೆ. ಬೀದಿಯವರಿಗೂ ಅವಳು ರೇಡಿಯೋನೇ. ಅವಳಿಗೆ ಈ ಪ್ರಪಂಚದಲ್ಲಿ ಒಂದೇ ಒಂದು ಶತ್ರು, ನಮ್ಮ ಅಡುಗೆಮನೆಯ ಮಿಕ್ಸಿ. ಅದರ ಸದ್ದು ಕೇಳಿದರೆ ಸಾಕು, ಮುಖ ಕೆಂಪಗೆ ಮಾಡಿಕೊಂಡು ಕಿರುಚುತ್ತಾಳೆ. ಜ್ವರವಿದ್ದರೂ ಅಷ್ಟೇ, ಅರೆನಿದ್ದೆಯಲ್ಲಿದ್ದರೂ ಅಷ್ಟೇ. ಏನಾದರೂ ರುಬ್ಬಬೇಕಾದರೆ ನಾನು ಮಿಕ್ಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಿನ ಮಹಡಿಯ ಮಾಲೀಕರ ಮನೆಗೆ ಹೋಗುತ್ತೇನೆ. ಮಾಲೀಕರು ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

ನಮಗೆ ಸತ್ಯ ಗೊತ್ತಿದೆ ಸ್ವಾಮಿ. ಇದನ್ನು ಒತ್ತಿ ಹೇಳಬೇಕಾಗಿದೆ, ಯಾಕೆಂದರೆ ತಮ್ಮವರು ನಮ್ಮನ್ನು ‘ಒಪ್ಪಿಕೊಳ್ಳಲಾಗದ ಕುಟುಂಬ’ ಎಂದು ಕರೆದಿದ್ದಾರೆಂದು ಕೇಳಿದೆ. ರೇಡಿಯೋ ದೊಡ್ಡವಳಾಗುವುದಿಲ್ಲ. ಅವಳಿಗೆಂದು ಕೈಯಲ್ಲೇ ಹೊಲಿಯುವ ಬಟ್ಟೆಗೆ ಸೊಸೆ ಅಂಚು ಮಡಚಿ ಹೊಲಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಮಕ್ಕಳು ಬೆಳೆಯುತ್ತಾರೆಂದು ತಾನೇ ಬಟ್ಟೆ ಮಡಚಿ ಹೊಲಿಯುವುದು? ಇದಕ್ಕಿಂತ ಹೆಚ್ಚು ಒಪ್ಪಿಕೊಳ್ಳುವುದು ಹೇಗೆಂದು ತಾವೇ ಕಲಿಸಿಕೊಡಬೇಕು.

ತಮ್ಮವರು ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ಈ ಪತ್ರ ಬರೆಯುವುದು ಸುಲಭವಿತ್ತು. ನಮ್ಮ ಮನೆಗೆ ಬರುವ ಸಿಸ್ಟರ್ ಚಪ್ಪಲಿ ಬಿಟ್ಟು, ಕೈ ತೊಳೆದು, ಮೊದಲು ಮಗುವಿನ ತಲೆ ಬಾಚುತ್ತಾರೆ. ಮೂಗಿನ ನಳಿಕೆ ಬದಲಿಸುವಾಗ ಅವಳಿಗೆ ನೋಯದ ಹಾಗೆ ಬದಲಿಸಬಲ್ಲವರು ಈ ಊರಿನಲ್ಲಿ ಅವರೊಬ್ಬರೇ. ಫಿಟ್ಸ್ ಬಂದಾಗ ಕೊಡಬೇಕಾದ ಔಷಧಿ, ನೋವಿನ ಔಷಧಿ, ಎರಡನ್ನೂ ತರುವವರು ಅವರೇ. ಅವರು ಬರುವ ಮೊದಲು ಈ ಮನೆಯಲ್ಲಿ ಯಾರೂ ಒಂದು ನಿದ್ದೆ ಪೂರ್ತಿ ಮಾಡಿದ್ದಿಲ್ಲ. ಅದನ್ನು ನಾವು ಮರೆತಿಲ್ಲ. ಮರೆತಿದ್ದರೆ ತಮ್ಮ ಬೆದರಿಕೆಗೆ ಇಷ್ಟು ಹೆದರುತ್ತಲೂ ಇರಲಿಲ್ಲ.

ಇನ್ನು ಆ ದಿನದ ವಿಷಯಕ್ಕೆ ಬರುತ್ತೇನೆ. ಮಗ ಪಾಳಿಗೆ ಹೋಗಿದ್ದ. ಬೆಳಗ್ಗೆ ಎದ್ದಾಗ ಮನೆ ನಿಶ್ಶಬ್ದವಾಗಿತ್ತು. ಫ್ರಿಜ್ಜು ಗುರ್ ಎನ್ನುವುದು, ಬೀದಿಯಲ್ಲಿ ಯಾರೋ ಶಟರ್ ಎತ್ತುವುದು, ಎಲ್ಲ ಕೇಳಿಸುತ್ತಿದೆ. ಯಾಕಪ್ಪಾ ಇವತ್ತು ಇಷ್ಟೆಲ್ಲ ಕೇಳಿಸುತ್ತಿದೆ ಎಂದುಕೊಂಡೆ. ಗುನುಗು ಇರಲಿಲ್ಲ. ರೇಡಿಯೋ ಅರ್ಧ ಕಣ್ಣು ತೆರೆದು ಮಲಗಿದ್ದಳು. ಯಾವಾಗಲೂ ಬಿಗಿ ಹಿಡಿದಿರುವ ಮುಷ್ಟಿಗಳು ಬಿಚ್ಚಿಕೊಂಡಿದ್ದವು.

ಸಿಸ್ಟರ್ ಬಂದರು. ನೋವನ್ನು ಅಳೆಯುವುದಕ್ಕೆ ತಾವು ಅವರಿಗೆ ಕಲಿಸಿರುವ ಕ್ರಮ ನನಗೂ ಬಾಯಿಪಾಠವಾಗಿದೆ. ಹುಬ್ಬು ಗಂಟಿಕ್ಕಿದೆಯೇ, ಅಳುತ್ತಿದೆಯೇ, ಕೈಕಾಲು ಬಿಗಿದಿದೆಯೇ ಎಂದು ನೋಡುತ್ತಾರೆ. ಯಾವುದೂ ಇರಲಿಲ್ಲ. ಅವರ ಮುಖ ಅರಳಿತು.

“ನೋಡಿ ಅಜ್ಜಿ, ಎಷ್ಟು ನೆಮ್ಮದಿಯಾಗಿದಾಳೆ ಇವತ್ತು. ಕೊನೆಗೂ ಔಷಧಿ ಹಿಡೀತು.”

“ನೆಮ್ಮದಿ ಅಲ್ಲ ಸಿಸ್ಟರ್ ಇದು,” ಎಂದಳು ಸೊಸೆ. “ಇವಳು ಸುಮ್ನಿರೋಳೇ ಅಲ್ಲ.”

“ನೋವಿಲ್ದೇ ಇದ್ರೆ ಮಕ್ಕಳು ಸುಮ್ನಿರ್ತಾವಮ್ಮ.”

ಆಮೇಲೆ ಸಿಸ್ಟರ್ ಹೊದಿಕೆ ಸರಿಸಿ ಕಾಲು ಮುಟ್ಟಿದರು. ಪಾದ ತಣ್ಣಗಿತ್ತು. ಮೊಣಕಾಲಿನ ಹತ್ತಿರ ಚರ್ಮದ ಮೇಲೆ ನೀಲಿ ಬಲೆ ಹಾಸಿದಂಥ ಗೆರೆಗಳಿದ್ದವು. ಉಸಿರು ಬೇಗಬೇಗ ಬರುತ್ತಿತ್ತು. ಮೂತ್ರವಾಗದೆ ಒಳಬಟ್ಟೆ ಒಣಗಿಯೇ ಇತ್ತು. ಸಿಸ್ಟರ್ ಎದ್ದು ಕಿಟಕಿಯ ಪರದೆ ಎಳೆದರು. ಮತ್ತೆ ಬಾಯಿ ತೆರೆದಾಗ ಅವರ ದನಿ ಬೇರೆಯಾಗಿತ್ತು. “ಅಮ್ಮಾ, ಸಮಯ ಹತ್ತಿರ ಬಂದಾಗ ಹೀಗಾಗುತ್ತೆ. ಗಾಬರಿ ಆಗ್ಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ, ಕೈ ಹಿಡ್ಕೊಳ್ಳಿ. ಸದ್ದು ಮಾಡ್ಬೇಡಿ.” ಆ ದನಿ ನನಗೆ ಗೊತ್ತು. ಎಕ್ಸ್‌ಚೇಂಜಿನಲ್ಲಿ ಅದು ಕಿವಿಗೆ ಬಿದ್ದರೆ ಆ ತುದಿಯಲ್ಲಿ ಯಾರೋ ಹೋಗಿಬಿಟ್ಟಿದ್ದಾರೆಂದು ತಿಳಿದುಕೊಳ್ಳುತ್ತಿದ್ದೆವು. ಮಗು ಇನ್ನೂ ಉಸಿರಾಡುತ್ತಿದೆ, ದನಿ ಮಾತ್ರ ಆಗಲೇ ಬಂದುಬಿಟ್ಟಿದೆ.

ಸಿಸ್ಟರ್ ಇನ್ನೊಂದು ಮನೆಗೆ ಹೋಗಿ ಮತ್ತೆ ಬರುತ್ತೇನೆಂದು ಹೊರಟರು. ಸುದ್ದಿ ಹೇಗೆ ಹರಡಿತೋ ಕಾಣೆ. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಾಚೆ ಕುರ್ಚಿಗಳು ಬಂದವು. ಮೇಲಿನ ಮಹಡಿಯ ಮಾಲೀಕರು ಸದ್ದಾಗದ ಹಾಗೆ ಒಂದೊಂದಾಗಿ ಎತ್ತಿ ತಂದು ಗೋಡೆಗೆ ಸಾಲಾಗಿ ಇಡುತ್ತಿದ್ದರು. ನನ್ನನ್ನು ಕಂಡು ತಲೆ ತಗ್ಗಿಸಿದರು. ಒಳ್ಳೆಯ ಮನಸ್ಸಿನಿಂದಲೇ ತಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಳಗೆ ಮಗು ಉಸಿರಾಡುತ್ತಿರುವಾಗ ಹೊರಗೆ ಖಾಲಿ ಕುರ್ಚಿಗಳು ಕಾಯುತ್ತಾ ಕೂತಿರುವುದನ್ನು ತಾವು ಎಂದಾದರೂ ನೋಡಿದ್ದೀರಾ? ನಾನು ನೋಡಿದೆ. ಮರೆಯಲು ಆಗುತ್ತಿಲ್ಲ.

ನನ್ನ ಸೊಸೆಯನ್ನು ಹೊಗಳುವ ಅಭ್ಯಾಸ ನನಗಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಒಂದು ಹೇಳಿದರೆ ಅವಳು ಎರಡು ಹೇಳುತ್ತಾಳೆ. ಆದ್ದರಿಂದ ಮುಂದೆ ಬರೆಯುವುದನ್ನು ಅತ್ತೆಯ ಪ್ರೀತಿ ಎಂದು ತಾವು ತಳ್ಳಿಹಾಕುವಂತಿಲ್ಲ. ಅವಳು ಮಗುವಿನ ಕೈ ಬಿಟ್ಟು ಎದ್ದು, ಅಡುಗೆಮನೆಗೆ ಹೋಗಿ ಮಿಕ್ಸಿ ತಂದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಟ್ಟು, ಫ್ಯಾನಿನ ಪ್ಲಗ್ ಕಿತ್ತು ಅದರದ್ದನ್ನು ಸಿಕ್ಕಿಸಿದಳು. ಅಷ್ಟರಲ್ಲಿ ಸಿಸ್ಟರ್ ಮರಳಿ ಬಂದಿದ್ದರು. “ಅಯ್ಯೋ, ಏನ್ ಮಾಡ್ತಿದೀರಾ? ಮಗು ಶಾಂತವಾಗಿರ್ಲಿ ಬಿಡಿ!” ಎಂದರು. ಸೊಸೆ ಖಾಲಿ ಜಾರ್ ಕೂರಿಸಿ ಪೂರ್ತಿ ತಿರುಗಿಸಿದಳು.

ಪರದೆ ಎಳೆದ ಕೋಣೆಯಲ್ಲಿ ಆ ಸದ್ದು ಹೇಗಿತ್ತೆಂದು ಹೇಳಲಾರೆ. ಹೊರಗಿನ ಕುರ್ಚಿಗಳಲ್ಲಿ ಆಗಲೇ ಕೂತಿದ್ದವರು ಎದ್ದು ಬಾಗಿಲಿಗೆ ಬಂದರು. ಯಾರೋ “ಪಾಪ, ತಲೆ ಕೆಟ್ಟಿದೆ” ಎಂದದ್ದೂ ಕೇಳಿಸಿತು. ನಾವೆಲ್ಲ ಮಗುವಿನ ಮುಖ ನೋಡುತ್ತಾ ನಿಂತೆವು. ರೆಪ್ಪೆ ಅಲುಗಲಿಲ್ಲ. ಮುಖ ಕೆಂಪಾಗಲಿಲ್ಲ. ಸೊಸೆ ಮಿಕ್ಸಿ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಅತ್ತೆ, ಅವಳ ಕಾಯಿಲೆ ಹೆಚ್ಚಾದಾಗೆಲ್ಲ ಅವಳು ಇದಕ್ಕೆ ಇನ್ನೂ ಜೋರಾಗಿ ಕಿರುಚ್ತಾಳೆ. ಇದು ಅವಳ ಕಾಯಿಲೆ ಅಲ್ಲ. ಇದು ಬೇರೆ ಯಾವ್ದೋ.”

ಅವಳು ತುರ್ತು ವಾಹನದ ನಂಬರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ. ಆ ಕಡೆಯ ಹೆಣ್ಣುಮಗಳು ಮೊದಲು ಚುರುಕಾಗಿಯೇ ಇದ್ದಳು. ವಯಸ್ಸೆಷ್ಟು, ಎಚ್ಚರ ಇದೆಯಾ, ವಿಳಾಸ ಹೇಳಿ. ವಿಳಾಸ ಹೇಳಿದೆವು. ಕೀಲಿಗಳ ಟಕಟಕ ಸದ್ದು. ಆಮೇಲೆ ಅದೇ ಮೆತ್ತನೆಯ ದನಿ. “ಅಮ್ಮಾ, ಈ ವಿಳಾಸ ಉಪಶಮನ ಆರೈಕೇಲಿದೆ. ನಿಮ್ಮನ್ನ ಅವರಿಗೇ ಕನೆಕ್ಟ್ ಮಾಡ್ತೀನಿ.” ಅಂದರೆ ನಮ್ಮ ಮನೆಯ ವಿಳಾಸಕ್ಕೇ ತಾವು ಗುರುತು ಹಾಕಿಟ್ಟಿದ್ದೀರಿ. ಅಲ್ಲಿಂದ ಕರೆ ತಮ್ಮ ಕಚೇರಿಗೆ ಬಂತು. ಮಗುವಿಗೆ ನೋವಿದೆಯಾ ಎಂದು ಕೇಳಿದರು. ಇಲ್ಲ ಎಂದಳು. ಅಳುತ್ತಿದೆಯಾ? ಇಲ್ಲ. “ಹಾಗಾದ್ರೆ ಒಳ್ಳೇದೇ ಅಲ್ವಾ ಅಮ್ಮ” ಎಂದರು. ನಾನೂ ಕರೆಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜೋಡಿಸಿ ಬದುಕಿದವಳೇ. ಆದರೆ ಬೆಂಕಿ ಬಿದ್ದಿದೆ ಎಂದವರನ್ನು ಸ್ಮಶಾನಕ್ಕೆ ಜೋಡಿಸಿದ ಉದಾಹರಣೆ ನನ್ನ ಕಾಲದಲ್ಲಿ ಇರಲಿಲ್ಲ.

ಕೊನೆಗೆ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಬೀದಿಗೆ ನೀರಿನ ಕ್ಯಾನ್ ಹಾಕುವವರ ಗಾಡಿ. ಕ್ಯಾನುಗಳನ್ನು ರಸ್ತೆಯಲ್ಲೇ ಇಳಿಸಿ ನಮ್ಮನ್ನು ಹತ್ತಿಸಿಕೊಂಡರು. ದಾರಿಯಲ್ಲಿ ಸೊಸೆ ಮಗುವಿನ ಮಣಿಕಟ್ಟಿಗೆ ತಮ್ಮ ವಿಭಾಗದವರು ಗುರುತಿಗೆಂದು ಕಟ್ಟಿದ್ದ ಬಿಳಿ ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು. “ಅದನ್ನ ಯಾಕೆ ಕೀಳ್ತೀಯಾ?” ಎಂದೆ. “ಇದನ್ನ ನೋಡಿದ್ರೆ ಅವರೂ ಮೆತ್ತಗೆ ಮಾತಾಡೋಕೆ ಶುರು ಮಾಡ್ತಾರೆ ಅತ್ತೆ,” ಎಂದಳು. ಮಾನ್ಯರೇ, ಕಳ್ಳಸಾಮಾನು ಸಾಗಿಸುವವರ ಹಾಗೆ ನಾವು ನಮ್ಮ ಮಗುವನ್ನು ಆಸ್ಪತ್ರೆಯೊಳಗೆ ಸಾಗಿಸಿದೆವು.

ಅಲ್ಲಿದ್ದದ್ದು ಕಣ್ಣ ಕೆಳಗೆ ಕಪ್ಪು ಬಿದ್ದಿದ್ದ ಒಬ್ಬ ಯುವ ಡಾಕ್ಟರು. ಮಗುವಿನ ಹೊಟ್ಟೆ ಒತ್ತಿ, ಕಾಲು ನೋಡಿ, ಸೊಸೆಯನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿನ್ನೆ ಹೇಗಿದ್ಲು?” ಬೆಳಗ್ಗೆಯಿಂದ ಯಾರೂ ಕೇಳದಿದ್ದ ಪ್ರಶ್ನೆ ಅದು. ಕೇಳಿದ್ದೇ ತಡ ನನ್ನ ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ಗಲಾಟೆ ಮಾಡ್ತಿದ್ಲು ಡಾಕ್ಟ್ರೇ, ನಿನ್ನೆ ಪೂರ್ತಿ ಗಲಾಟೆ ಮಾಡ್ತಿದ್ಲು,” ಎಂದು ಬಿಕ್ಕಿದಳು. ಪರೀಕ್ಷೆ ಮಾಡಿಸಿದರು. ಮೂತ್ರದ ಸೋಂಕು ರಕ್ತಕ್ಕೆ ಹಬ್ಬಿತ್ತು. ಡ್ರಿಪ್ ಹಾಕಿದರು, ಔಷಧಿ ಹಾಕಿದರು. ನಮಗೆ ಭರವಸೆಯನ್ನೇನೂ ಕೊಡಲಿಲ್ಲ.

ಅದಾಗಿ ಕೆಲವು ದಿನಗಳ ಮೇಲೆ ಒಂದು ಬೆಳಗ್ಗೆ, ವಾರ್ಡಿನಲ್ಲಿ ಗಾಲಿ ಥೇಟ್ ನಮ್ಮ ಮಿಕ್ಸಿಯ ಹಾಗೆ ಕಿರುಗುಡುವ ಟ್ರಾಲಿಯೊಂದು ನಮ್ಮ ಮಂಚದ ಪಕ್ಕ ಹಾದುಹೋಯಿತು. ರೇಡಿಯೋ ಮುಖ ಕೆಂಪಗೆ ಮಾಡಿ ಕಿರುಚಿದಳು. ವಾರ್ಡಿನ ಮಕ್ಕಳೆಲ್ಲ ಎದ್ದು ಅಳತೊಡಗಿದವು. ನನ್ನ ಸೊಸೆ ಆ ಟ್ರಾಲಿಯವಳ ಕೈ ಹಿಡಿದು “ಇನ್ನೊಂದ್ಸಲ ತಳ್ರೀ, ಇನ್ನೊಂದ್ಸಲ” ಎಂದು ಅಳುತ್ತಾ ನಗುತ್ತಾ ಬೇಡಿಕೊಳ್ಳುತ್ತಿದ್ದಳು. ಆಮೇಲೆ ಡಾಕ್ಟರಿಗೆ ಬಿಳಿ ಪಟ್ಟಿಯ ವಿಷಯ ಹೇಳಿದೆವು. ಅವರು ಮಗುವಿನ ಬರಿಯ ಮಣಿಕಟ್ಟನ್ನು ನೋಡಿದರು. “ಮೊದಲೇ ಹೇಳಿದ್ರೂ ನಾನು ಇದನ್ನೇ ಮಾಡ್ತಿದ್ದೆ,” ಎಂದರು. ಸ್ವಲ್ಪ ತಡೆದು, “ಮಾಡ್ತಿದ್ದೆ ಅಂದ್ಕೊಂಡಿದೀನಿ,” ಎಂದರು.

ಮನೆಗೆ ಮರಳುವ ಮುನ್ನ ಔಷಧಿಗೆಂದು ತಮ್ಮ ಆರೋಗ್ಯ ಕೇಂದ್ರದಲ್ಲಿ ಕೂತಿದ್ದಾಗ ಅಲ್ಲಿನ ಗೋಡೆಯನ್ನು ಮೊದಲ ಬಾರಿ ಸರಿಯಾಗಿ ನೋಡಿದೆ. ಎರಡು ಚಿತ್ರಪಟಗಳು ಅಕ್ಕಪಕ್ಕದಲ್ಲಿವೆ. ಒಂದು ಎಲ್ಲ ತಾಯಂದಿರಿಗೆ: ಮಗುವಿನ ಕೈಕಾಲು ತಣ್ಣಗಾದರೆ, ಚರ್ಮದ ಮೇಲೆ ಬಲೆಯಂಥ ಗೆರೆ ಮೂಡಿದರೆ, ಮಂಕಾಗಿ ಮಲಗಿದರೆ, ಮೂತ್ರ ನಿಂತರೆ ತಡಮಾಡದೆ ಓಡಿ ಬನ್ನಿ. ಇನ್ನೊಂದು ನಮ್ಮಂಥವರಿಗೆ: ಕೈಕಾಲು ತಣ್ಣಗಾದರೆ, ಚರ್ಮದ ಮೇಲೆ ಬಲೆಯಂಥ ಗೆರೆ ಮೂಡಿದರೆ, ಮಂಕಾಗಿ ಮಲಗಿದರೆ, ಮೂತ್ರ ಕಡಿಮೆಯಾದರೆ ಗಾಬರಿಯಾಗಬೇಡಿ, ಇದು ಸಹಜ. ಎರಡರಲ್ಲೂ ಬರೆದಿರುವ ಮಗುವಿನ ಚಿತ್ರವೂ ಒಂದೇ. ಎರಡೂ ಸುಳ್ಳಲ್ಲ, ಅದು ನನಗೂ ಅರ್ಥವಾಗುತ್ತದೆ. ಸಾವು ಬಂದಾಗಲೂ ಹೀಗೆ ಆಗುತ್ತದೆ, ಸೋಂಕು ಬಂದಾಗಲೂ ಹೀಗೆ ಆಗುತ್ತದೆ. ಹಾಗಿದ್ದ ಮೇಲೆ ಯಾವುದು ಬಂದಿದೆಯೆಂದು ನೋಡುವ ಕೆಲಸ ಒಂದು ಇರಬೇಕಲ್ಲವೇ? ಆ ಕೆಲಸವನ್ನು ತಾವು ಯಾರಿಗೆ ವಹಿಸಿದ್ದೀರಿ? ನಮ್ಮ ಮನೆಯಲ್ಲಿ ಅದನ್ನು ಮಾಡಿದ್ದು ಮಿಕ್ಸಿ.

ನಾವು ಮನೆಗೆ ಬಂದ ಮೇಲೆ ತಮ್ಮ ಮೇಲ್ವಿಚಾರಕರು ಬಂದರು. ಇನ್ನೂ ಬಾಗಿಲಾಚೆಯೇ ಇದ್ದ ಆ ಕುರ್ಚಿಗಳಲ್ಲೊಂದನ್ನು ಒಳಗೆಳೆದುಕೊಂಡು ಕೂತರು. ಮಗುವನ್ನು ಆಸ್ಪತ್ರೆಗೆ ಒಯ್ದು ಸೂಜಿ ಚುಚ್ಚಿಸಿ ಹಿಂಸೆ ಕೊಟ್ಟಿರೆಂದರು. “ಒಂದೋ ನಮ್ಮ ದಾರಿ, ಇಲ್ಲಾಂದ್ರೆ ಆಸ್ಪತ್ರೆ ದಾರಿ. ಎರಡೂ ಆಗಲ್ಲ ಅಮ್ಮ,” ಎಂದರು. ಸೊಸೆ ಕೇಳಿದಳು: “ಸಾರ್, ಕಿವಿ ನೋವು ಬಂದ್ರೆ?” “ನೋವಿನ ಔಷಧಿ ಕೊಡ್ತೀವಿ.” “ಕಾಲು ಮುರಿದ್ರೆ?” “ನೋವಿನ ಔಷಧಿ ಕೊಡ್ತೀವಿ.” ಒಳಗೆ ರೇಡಿಯೋ ಗುನುಗುತ್ತಿದ್ದಳು. ಅವರು ಆ ಕಡೆ ಒಮ್ಮೆ ನೋಡಿ, “ಸ್ವಲ್ಪ ಅಶಾಂತವಾಗಿದಾಳಲ್ವಾ?” ಎಂದರು.

ಈಗ ಈ ಮನೆಯಲ್ಲಿ ಯಾರೂ ಸರಿಯಾಗಿ ಉಸಿರಾಡುತ್ತಿಲ್ಲ. ಗುನುಗು ಒಂದು ಗಳಿಗೆ ನಿಂತರೆ ಸಾಕು, ಮಗ ಊಟದ ತಟ್ಟೆ ಬಿಟ್ಟು ಏಳುತ್ತಾನೆ. ಸೊಸೆ ಸ್ನಾನಕ್ಕೆ ಹೋದರೂ ಬಾಗಿಲು ಓರೆ ಮಾಡಿಕೊಂಡಿರುತ್ತಾಳೆ. ಮಾತು ಕೊಟ್ಟರೆ, ಮತ್ತೆ ಅವಳು ಸುಮ್ಮನಾದ ದಿನ ನಾವು ಪಕ್ಕದಲ್ಲಿ ಕೂತು ಕೈ ಹಿಡಿದು ನೋಡುತ್ತಿರಬೇಕು. ಕೊಡದಿದ್ದರೆ, ಫಿಟ್ಸ್ ಬಂದ ದಿನ ಔಷಧಿಯಿಲ್ಲದೆ ನೋಡುತ್ತಿರಬೇಕು. ಇವೆರಡರಲ್ಲಿ ಆರಿಸಿಕೊಳ್ಳಿ ಎನ್ನುವುದು ಯಾವ ಬಗೆಯ ಆರೈಕೆ? ನಾವು ಕೇಳುತ್ತಿರುವುದು ಅವಳು ಎಂದೂ ಸಾಯಬಾರದೆಂದಲ್ಲ. ಅವಳು ಸಾಯುವುದಾದರೆ ಅವಳದೇ ಕಾಯಿಲೆಯಿಂದ ಸಾಯಲಿ. ಅಂಥ ದಿನ ಬಂದಾಗ ಪರದೆ ಎಳೆಯಲು ನಾನೇ ತಮ್ಮ ಸಿಸ್ಟರನ್ನು ಕೂಗಿ ಕರೆಯುತ್ತೇನೆ. ಪಕ್ಕದ ಮನೆಯ ಮಗುವಿಗೆ ಬಂದುಹೋಗುವ ಜ್ವರದಿಂದ ಅವಳು ಸಾಯುವುದು ಬೇಡ.

ಆದ್ದರಿಂದ ಕೇಳುತ್ತಿದ್ದೇನೆ. ನಮ್ಮ ವಿಳಾಸದ ಮುಂದಿನ ಗುರುತನ್ನು ತೆಗೆಯಿರಿ, ಇಲ್ಲವೇ ಆ ಗುರುತು ಕಂಡೊಡನೆ ದನಿ ಮೆತ್ತಗೆ ಮಾಡಿಕೊಳ್ಳುವ ಮೊದಲು “ನಿನ್ನೆ ಹೇಗಿದ್ದಳು?” ಎಂದು ಕೇಳಬೇಕೆಂದು ಆದೇಶ ಹೊರಡಿಸಿ. ತಮ್ಮ ಸಿಸ್ಟರುಗಳಿಗೆ ನೋವು ಅಳೆಯುವುದರ ಜೊತೆಗೆ, ಬೇರೆ ಯಾವುದೇ ಮಗುವಿಗೆ ನೋಡುವಂತೆ ಜ್ವರ, ಉಸಿರು, ಮೂತ್ರ ನೋಡಲು ಹೇಳಿ. ಅನುಮಾನ ಬಂದರೆ ಡಾಕ್ಟರನ್ನು ಕರೆಯುವ ಅಧಿಕಾರ ಕೊಡಿ. ಆ ಸಿಸ್ಟರ್ ಈಗ ನಮ್ಮ ಮನೆಗೆ ಬಂದಾಗ ಮಗುವಿನ ತಲೆ ಬಾಚುತ್ತಾ ಕಣ್ಣೊರೆಸಿಕೊಳ್ಳುತ್ತಾರೆ, ಅವರ ಮೇಲೆ ಕ್ರಮ ಕೈಗೊಂಡು ತಾವು ಕೈ ತೊಳೆದುಕೊಳ್ಳಬೇಡಿ. ಮತ್ತು ಭೇಟಿ ನಿಲ್ಲಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಇನ್ನೊಂದು ಉಳಿದಿದೆ. ಹಿಂದಿನ ಬೀದಿಯಲ್ಲಿ ತಮ್ಮ ಆರೈಕೆಯಲ್ಲೇ ಇದ್ದ ಒಬ್ಬ ಹುಡುಗನಿದ್ದ. ನಮ್ಮ ರೇಡಿಯೋ ಗುನುಗಿದರೆ ಅವನು ನಗುವವನು. ಏನು ಕಂಡರೂ ಗಹಗಹಿಸಿ ನಗುತ್ತಿದ್ದ, ಬೀದಿಯ ಕೊನೆಗೂ ಕೇಳಿಸುತ್ತಿತ್ತು. ಕಳೆದ ವರ್ಷ ತೀರಿಕೊಂಡ. ಬಹಳ ಶಾಂತವಾಗಿ ಹೋದ, ನಗುವುದನ್ನೂ ನಿಲ್ಲಿಸಿ ಸುಮ್ಮನೆ ಮಲಗಿಬಿಟ್ಟಿದ್ದ ಎಂದು ಅವನ ತಾಯಿ ಹೇಳುತ್ತಿದ್ದಳು. ಅದೊಂದೇ ಅವಳಿಗಿದ್ದ ಸಮಾಧಾನ. ತಮ್ಮ ವಿಭಾಗದ ಸಭೆಯಲ್ಲಿ ಅವಳನ್ನು ವೇದಿಕೆಗೆ ಕರೆಸಿ ಅದನ್ನು ಹೇಳಿಸಿದ್ದಿರಂತೆ.

ನಮ್ಮ ಕಥೆ ಕೇಳಿ ಅವಳು ಮೊನ್ನೆ ಮನೆಗೆ ಬಂದಳು. ರೇಡಿಯೋಳ ಪಕ್ಕ ಕೂತು ಗುನುಗು ಕೇಳಿದಳು. ಕಾಲು ಎಷ್ಟು ತಣ್ಣಗಿತ್ತು, ಗೆರೆಗಳು ಎಲ್ಲಿದ್ದವು, ಉಸಿರು ಹೇಗಿತ್ತು ಎಂದು ಸೊಸೆಯನ್ನು ಒಂದೊಂದಾಗಿ ಕೇಳಿದಳು. ಸೊಸೆಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳಿದಳು. ಅವಳು ತಲೆಯಾಡಿಸುತ್ತಾ ಕೇಳಿಸಿಕೊಂಡಳು. ಆಮೇಲೆ ನೀರು ಕುಡಿಯಲೆಂದು ಅಡುಗೆಮನೆಗೆ ಬಂದವಳು, ಲೋಟ ಕೈಯಲ್ಲಿ ಹಿಡಿದು ಕಟ್ಟೆಯ ಮೇಲಿದ್ದ ಮಿಕ್ಸಿಯನ್ನು ನೋಡುತ್ತಾ ನಿಂತುಬಿಟ್ಟಳು.

“ನಮ್ಮನೇಲೂ ಇತ್ತು ಅಜ್ಜಿ,” ಎಂದಳು.

ಅವಳ ಮಗನಿಗೆ ಬಂದದ್ದು ಸಾವೋ, ವಾಸಿಯಾಗುವ ಸೋಂಕೋ ಎಂದು ನನಗೆ ಗೊತ್ತಿಲ್ಲ, ತಮಗೂ ಗೊತ್ತಿಲ್ಲ, ಯಾಕೆಂದರೆ ಯಾರೂ ನೋಡಲಿಲ್ಲ. ಅವಳು ಬರುವ ಸೋಮವಾರ ತಮ್ಮ ಕಚೇರಿಗೆ ಬರುತ್ತಾಳೆ. ಜೊತೆಗೆ ನಾನೂ ಇರುತ್ತೇನೆ. ಅವಳನ್ನು ಕೂರಿಸಿ ಉತ್ತರ ಹೇಳಿ. ದಯವಿಟ್ಟು ಮಾಮೂಲಿನ ದನಿಯಲ್ಲೇ ಹೇಳಿ.

ಇಂತಿ,
ಗುನುಗಿಗೆ ಕಿವಿಗೊಟ್ಟು ಕೂತಿರುವ,
ಸದ್ಯಕ್ಕೆ ಇನ್ನೂ ಅಜ್ಜಿಯಾಗಿಯೇ ಇರುವವಳು